ಅಂಚೆ ಅಕ್ಕನ ಕೋಟು

ಬಿಸಿಲು ಸಾಕಾಗಿ ಮೊದಲ ಮೋಡಗಳು ಕಟ್ಟತೊಡಗಿದ್ದ ಕಾಲ. ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ಅದು ಶುರುವಾಯಿತು.

ಆರು ಮಹಡಿಯ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಆ ಮನೆ. ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ರಸ್ತೆಗೆ ಬಾಗಿಲು ತೆರೆದ ಮುಂದಿನ ಕೋಣೆಯಲ್ಲಿ ಅಜ್ಜಿಯ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ದಪ್ಪ ದಪ್ಪ ಸುರುಳಿಗಳು. ಅಜ್ಜಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಹತ್ತೊಂಬತ್ತು ತುಂಬಿದ ದೊಡ್ಡ ಮೊಮ್ಮಗಳು ಬಂದು ಎದುರಿಗೆ ಕೈ ಅಗಲಿಸಿ ನಿಂತಳು.

“ಅಜ್ಜಿ, ಸೊಂಟದ ಅಳತೆ ತಗೋ.”

“ಏನು ಹೊಲಿಯೋದು?”

“ಏನೂ ಹೊಲಿಯೋದು ಬೇಡ. ಬರೀ ಅಳತೆ.”

ಐವತ್ತೆರಡು ವರ್ಷದ ಕಸುಬಿನಲ್ಲಿ ಏನೂ ಹೊಲಿಸದೆ ಬರೀ ಅಳತೆ ಕೊಟ್ಟು ಹೋದವರನ್ನು ಅಜ್ಜಿ ಕಂಡಿರಲಿಲ್ಲ. ಆದರೂ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಎಳೆದು ಸುತ್ತಿದಳು. ಆ ಟೇಪು ಅವಳ ಕೊರಳಿಗೆ ಬಿದ್ದು ಮೂವತ್ತು ವರ್ಷವಾಗಿತ್ತು. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಮತ್ತೆ ಅದನ್ನು ತೆಗೆದದ್ದೇ ಇಲ್ಲ.

“ಮೂವತ್ತಾರೂವರೆ” ಎಂದಳು ಅಜ್ಜಿ. ಅಭ್ಯಾಸಬಲದಿಂದ ಅಳತೆ ಪುಸ್ತಕವನ್ನೂ ಎಳೆದುಕೊಂಡಳು.

ಅಜ್ಜಿಗೆ ಅಂಕಿ ಬರುತ್ತಿತ್ತು, ಅಕ್ಷರ ಅಷ್ಟಕ್ಕಷ್ಟೆ. ಹಾಗಾಗಿ ಅವಳ ಪುಸ್ತಕದಲ್ಲಿ ಹೆಸರೇ ಇಲ್ಲ, ಎಲ್ಲರಿಗೂ ಒಂದೊಂದು ಗುರುತು. ಬಸ್ಸು ಓಡಿಸುವ ಮಗನಿಗೆ ಚಕ್ರ. ಔಷಧಿ ಅಂಗಡಿಯಲ್ಲಿ ದುಡಿಯುವ ಸೊಸೆಗೆ ಶೀಶೆ. ಕಡ್ಡಿ ಎಂದೇ ಮನೆಮಂದಿ ಕರೆಯುವ ಚಿಕ್ಕ ಮೊಮ್ಮಗಳಿಗೆ ಒಂದು ಉದ್ದ ಗೆರೆ. ದೊಡ್ಡವಳು ಹುಟ್ಟಿದಾಗ ಬೆಣ್ಣೆಮುದ್ದೆಯ ಹಾಗಿದ್ದಳು. ಅವತ್ತಿನಿಂದ ಅವಳಿಗೆ ಒಂದು ದುಂಡು ಸೊನ್ನೆ.

“ಆ ಸೊನ್ನೆ ಬಿಟ್ಟು ಬೇರೆ ಏನಾದ್ರೂ ಹಾಕಬಾರದಾ ಅಜ್ಜಿ?”

“ನೀನು ಬೇರೆ ಏನಾದ್ರೂ ಆಗು, ಹಾಕ್ತೀನಿ.”

ಹುಡುಗಿ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. ಅಗ್ನಿಶಾಮಕ ದಳಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರಂತೆ. ಹದಿನಾರು ಕಿಲೋ ತೂಕದ ನೀರಿನ ಪೈಪನ್ನು ಹೆಗಲಿಗೇರಿಸಿ ಮೂರು ನಿಮಿಷದೊಳಗೆ ಆರು ಮಹಡಿ ಹತ್ತಬೇಕು. ಸೊಂಟದ ಸುತ್ತಳತೆ ಮೂವತ್ನಾಲ್ಕು ಇಂಚು ಮೀರಬಾರದು. ಪರೀಕ್ಷೆಗೆ ಇನ್ನು ಹನ್ನೆರಡು ವಾರ.

“ಬೆಂಕಿ ಆರಿಸೋಕಾ?” ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಸೊಸೆ ಕೇಳಿದಳು. “ಮೊದಲು ಹೊಟ್ಟೆ ಒಳಗಿನ ಬೆಂಕಿ ಆರಿಸು. ನಿನ್ನೆ ರಾತ್ರಿ ಎಷ್ಟು ಸಲ ಅನ್ನ ಹಾಕಿಸಿಕೊಂಡೆ, ಲೆಕ್ಕ ಇದೆಯಾ?”

“ಕಡ್ಡಿ ನಾಲ್ಕು ಸಲ ಹಾಕಿಸಿಕೊಂಡಳಲ್ಲ, ಅವಳನ್ನ ಯಾಕೆ ಕೇಳಲ್ಲ?”

“ಅವಳ ಮೈಗೆ ಹತ್ತಲ್ಲ, ನಿನ್ನ ಮೈಗೆ ಹತ್ತುತ್ತೆ. ನನ್ನ ತವರಿನ ಕಡೆ ನೋಡು, ಒಬ್ಬರಾದ್ರೂ ದಪ್ಪ ಇದ್ದಾರಾ? ಇದೆಲ್ಲ ಇವರ ಮನೆತನದ ಮೈ. ನೂಲಿನಂತೆ ಸೀರೆ.”

ಅಜ್ಜಿ ಯಂತ್ರದ ಮೇಲಿಂದ ತಲೆ ಎತ್ತದೆ ಹೇಳಿದಳು: “ನೂಲು ನಮ್ಮದೇ ಇರಬಹುದಮ್ಮಾ. ಸಂಜೆ ಸಂಜೆ ಆಲೂಗಡ್ಡೆ ಕರಿದು ಬುಟ್ಟಿ ತುಂಬಾ ಇಡೋ ಕೈ ಯಾರದು?”

“ಆ ಬುಟ್ಟಿ ಖಾಲಿ ಮಾಡೋರು ಯಾರು ಅತ್ತೆ? ನಿಮ್ಮ ಮಗ!”

ಮಗ ಆಗಷ್ಟೇ ಎದ್ದು ಬಂದಿದ್ದ. ಹತ್ತು ಗಂಟೆ ಕೂತು ಬಸ್ಸು ಓಡಿಸುವವನು. ಅವನ ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಟಿಕೆಟ್ಟೂ ತೂರುವುದಿಲ್ಲ ಎಂದು ಕಂಡಕ್ಟರು ತಮಾಷೆ ಮಾಡುತ್ತಿದ್ದ. “ಬೆಳಬೆಳಿಗ್ಗೆ ನನ್ನ ಹೊಟ್ಟೆ ಯಾಕೆ ಮಧ್ಯ ಎಳೀತೀರ?” ಎಂದವನೇ ಚಹಾದ ಲೋಟ ಹಿಡಿದು ಬಾಗಿಲಾಚೆ ಹೋದ.

ದೊಡ್ಡವಳು ಕಾಗದವನ್ನು ಗೋಡೆಯ ಮೇಲೆ, ಯಂತ್ರದ ಎದುರಿಗೇ, ಗುಂಡುಸೂಜಿಯಿಂದ ಚುಚ್ಚಿದಳು. “ನೀವು ಯಾರ ಮೈ ಅಂತ ಜಗಳ ಆಡ್ತಾ ಇರಿ. ನಾನು ಹೋಗೇ ಹೋಗ್ತೀನಿ.”

ಅಂದಿನಿಂದ ಮನೆಯಲ್ಲಿ ಎರಡು ಪಾತ್ರೆ. ದೊಡ್ಡದರಲ್ಲಿ ಎಲ್ಲರ ಅಡುಗೆ. ಚಿಕ್ಕದರಲ್ಲಿ ದೊಡ್ಡವಳಿಗೆ ಉಪ್ಪು ಕಮ್ಮಿ ಹಾಕಿ ಬೇಯಿಸಿದ ಸೊಪ್ಪು, ಬೀನ್ಸು, ಒಂದು ಮೊಟ್ಟೆ. ಸೊಸೆ ಶಿಸ್ತಿನ ಹೆಂಗಸು. ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿದ ಹಾಗೆ ಬೀನ್ಸು ಎಣಿಸಿ ಬಡಿಸುತ್ತಿದ್ದಳು. ತಾನು ಮಾತ್ರ ಮಗಳ ಎದುರಿಗೇ ಕೂತು ಗುಡ್ಡದ ಹಾಗೆ ಅನ್ನ ಹಾಕಿಕೊಂಡು, ಮೇಲೆ ಎರಡು ಬಾಳೆಹಣ್ಣು ತಿಂದು, ತೆಳ್ಳನೆ ಬಡಿಗೋಲಿನ ಹಾಗೆ ಎದ್ದು ಹೋಗುತ್ತಿದ್ದಳು.

“ಮನಸ್ಸು ಗಟ್ಟಿ ಇರಬೇಕಷ್ಟೆ” ಎನ್ನುತ್ತಿದ್ದಳು. “ಬಾಯಿ ಕಟ್ಟೋದು ಏನು ದೊಡ್ಡ ವಿದ್ಯೆಯಾ?”

ಕಟ್ಟಡದ ಲಿಫ್ಟು ಕೆಟ್ಟು ಎರಡು ವರ್ಷವಾಗಿತ್ತು, ಅದೇ ಅನುಕೂಲವಾಯಿತು. ಅಜ್ಜಿ ಒಳಪದರಕ್ಕೆ ಹಾಕುವ ಅಸ್ತರು ಬಟ್ಟೆಯ ಒಂದು ಥಾನನ್ನು ತೂಗಿಸಿ, ಹದಿನಾರು ಕಿಲೋಗೆ ಬರುವಂತೆ ಎರಡು ಕತ್ತರಿ ಸೇರಿಸಿ ಕಟ್ಟಿಕೊಟ್ಟಳು. ದಿನಾ ಬೆಳಿಗ್ಗೆ ಹುಡುಗಿ ಅದನ್ನು ಹೆಗಲಿಗೆ ಹಾಕಿ ಮೆಟ್ಟಿಲು ಹತ್ತಿದರೆ ಕಡ್ಡಿ ಅಪ್ಪನ ಗಡಿಯಾರ ಹಿಡಿದು ಕೆಳಗೆ ನಿಲ್ಲುತ್ತಿದ್ದಳು. ಒಂದು ದಿನ ಕಡ್ಡಿಯೂ ಹಟ ಹಿಡಿದು, ಬರಿಗೈಯಲ್ಲೇ ಅಕ್ಕನ ಜೊತೆ ಹತ್ತಿದಳು. ಮೂರನೆಯ ಮಹಡಿಯಲ್ಲಿ ಕೂತುಬಿಟ್ಟಳು.

“ಯಾಕೆ, ಏನಾಯ್ತು?” ಮೇಲಿಂದ ಅಕ್ಕ ಕೂಗಿದಳು.

“ನಾನು ತೆಳ್ಳಗಿದ್ದೀನಿ ಅಂತ ನನ್ನ ಕಾಲಿಗೆ ಯಾರೂ ಹೇಳಿಲ್ಲ ಕಣೆ!”

ಪ್ರತಿ ಭಾನುವಾರ ಏಳೂವರೆಗೆ ಟೇಪು. ಮೂವತ್ತಾರು. ಮೂವತ್ತೈದೂವರೆ. ಮೂವತ್ತೈದು. ಅಳೆಯುವಾಗ ಅಜ್ಜಿಯ ಬೆರಳಿಗೆ ಹುಡುಗಿಯ ಪಕ್ಕೆಲುಬು ಸಿಗತೊಡಗಿತ್ತು. ಬಟ್ಟೆಯ ಮೇಲೆ ಕೈಯಾಡಿಸಿಯೇ ನೇಯ್ಗೆ ಹೇಳಬಲ್ಲ ಬೆರಳು ಅವು; ಈ ಮೈ ಇಳಿಯುತ್ತಿಲ್ಲ, ಸವೆಯುತ್ತಿದೆ ಎಂದು ಅವಕ್ಕೆ ತಿಳಿಯಿತು. “ಏನಾದ್ರೂ ತಿಂತಿದ್ದೀಯೇನೇ?” ಎಂದರೆ, “ತಿಂತಿದ್ದೀನಿ ಅಜ್ಜಿ” ಎಂಬ ಉತ್ತರ. ಐದನೆಯ ಭಾನುವಾರ ಟೇಪು ಮೂವತ್ನಾಲ್ಕಕ್ಕೆ ಬಂದು ನಿಂತಿತು.

“ಬಂತು!” ಕಡ್ಡಿ ಮೇಜು ಬಡಿದಳು.

ಸೊಸೆ ಅತ್ತೆಯ ಕಡೆ ತಿರುಗಿ ನೋಡಿದಳು. “ನೋಡಿದಿರಾ? ಮನೆತನದ ಮೈಯನ್ನ ಐದು ವಾರದಲ್ಲಿ ಇಳಿಸಿದೆ.”

ಅಜ್ಜಿ ಪುಸ್ತಕ ಎಳೆದುಕೊಂಡಳು. ಸೊನ್ನೆಯ ಪಕ್ಕದಲ್ಲಿ ಮೂವತ್ನಾಲ್ಕು ಎಂದು ಬರೆದಳು.

ಮಾರನೆಯ ದಿನ, ಸೋಮವಾರ ಬೆಳಿಗ್ಗೆ, ನಾಲ್ಕನೆಯ ಮಹಡಿಯ ತಿರುವಿನಲ್ಲಿ ಥಾನು ಉರುಳುವ ಸದ್ದು ಕೇಳಿಸಿತು. ಹಿಂದೆಯೇ ಇನ್ನೊಂದು ಸದ್ದು. ಕಡ್ಡಿ ಕಿರುಚಿದಳು. ಡ್ಯೂಟಿಗೆ ಹೊರಟಿದ್ದ ಮಗ ಟೋಪಿ ಎಸೆದು, ಇಪ್ಪತ್ತು ವರ್ಷದಿಂದ ಒಂದು ಮೆಟ್ಟಿಲನ್ನೂ ಓಡಿ ಹತ್ತದವನು, ನಾಲ್ಕು ಮಹಡಿ ಹತ್ತಿ ಮಗಳನ್ನು ಎತ್ತಿಕೊಂಡು ಇಳಿದ. ಹುಡುಗಿಯ ತುಟಿ ಬಿಳಿಚಿಕೊಂಡಿತ್ತು.

ಮುಂದಿನ ಬೀದಿಯ ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಾದವಳು, ಮಾತು ಕಮ್ಮಿ. ಬಾಟಲಿ ಏರಿಸಿ, ನಾಡಿ ನೋಡಿ, ತಾಯಿಯನ್ನು ಕೇಳಿದಳು: “ಏನು ಕೊಡ್ತಿದ್ದೀರಿ ತಿನ್ನೋಕೆ?”

ಸೊಸೆ ಪಟ್ಟಿ ಒಪ್ಪಿಸಿದಳು. ಸೊಪ್ಪು, ಬೀನ್ಸು, ಮೊಟ್ಟೆ.

“ಮೊಟ್ಟೆ ನಾನು ತಿಂತಿದ್ದೆ” ಎಂದಳು ಕಡ್ಡಿ, ಗೋಡೆಗೆ ಮುಖ ಮಾಡಿ. “ಬೀನ್ಸೂ. ಅಮ್ಮ ಎದ್ದು ಹೋದ ಮೇಲೆ ಅಕ್ಕ ನನ್ನ ತಟ್ಟೆಗೆ ಹಾಕ್ತಿದ್ದಳು. ಅಮ್ಮನಿಗೆ ಹೇಳಿದ್ರೆ ಮಾತಾಡಲ್ಲ ಅಂದಿದ್ದಳು.”

ಸೊಸೆ ಮಂಚದ ಕಂಬಿ ಹಿಡಿದುಕೊಂಡಳು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಐದು ವಾರ ಆ ಹುಡುಗಿ ಥಾನು ಹೊತ್ತಿದ್ದಳು.

“ಮೂವತ್ನಾಲ್ಕು ಆಗ್ಲೇಬೇಕಿತ್ತು” ಎಂದಳು ಮಲಗಿದ್ದವಳು, ಕಣ್ಣು ಮುಚ್ಚಿಕೊಂಡೇ. “ಆಯ್ತಲ್ಲ ಡಾಕ್ಟರೇ. ಈಗ ತಿಂತೀನಿ.”

ಡಾಕ್ಟರಮ್ಮ ಡ್ರಾಯರಿನಿಂದ ಹೊಸ ಟೇಪು ತೆಗೆದು ಸುತ್ತಿ ನೋಡಿದಳು. “ಎಲ್ಲಿಯ ಮೂವತ್ನಾಲ್ಕು? ಮೂವತ್ತೈದು ಮುಕ್ಕಾಲು ಇದೆ.”

ಹುಡುಗಿ ಕಣ್ಣು ತೆರೆದು ಅಜ್ಜಿಯನ್ನು ನೋಡಿದಳು. ಎಲ್ಲರೂ ಅಜ್ಜಿಯ ಕೊರಳನ್ನು ನೋಡಿದರು.

ಮನೆಗೆ ಬಂದ ಮೇಲೆ ಅಜ್ಜಿ ಕಡ್ಡಿಯನ್ನು ಅಂಗಡಿಗೆ ಕಳಿಸಿ ಹೊಸ ಟೇಪು ತರಿಸಿದಳು. ಕತ್ತರಿಸುವ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಹಾಸಿದಳು. ಹೊಸದು ಅರವತ್ತು ಇಂಚಿಗೆ ಮುಗಿಯಿತು. ಹಳೆಯದು ಇನ್ನೂ ಮೂರು ಇಂಚು ಮುಂದೆ ಹೋಗಿ ತನ್ನ ಅರವತ್ತನ್ನು ತೋರಿಸಿತು. ಮೂವತ್ತು ವರ್ಷ ಎಳೆದೂ ಎಳೆದೂ ಬಟ್ಟೆಯ ಟೇಪು ಜಗ್ಗಿಹೋಗಿತ್ತು.

“ಮೂವತ್ತು ವರ್ಷ ಒಬ್ಬರೂ ಹೇಳಲಿಲ್ವಾ ಅಮ್ಮ, ಬಟ್ಟೆ ಸರಿ ಕೂತಿಲ್ಲ ಅಂತ?” ಮಗ ಕೇಳಿದ.

“ಹೇಗೆ ಹೇಳ್ತಾರೋ? ಮೈಯನ್ನೂ ಇದರಲ್ಲೇ ಅಳೀತಿದ್ದೆ, ಬಟ್ಟೆಯನ್ನೂ ಇದರಲ್ಲೇ ಕತ್ತರಿಸ್ತಿದ್ದೆ. ಎರಡು ಕಡೆಯೂ ಒಂದೇ ಸುಳ್ಳು. ಬಟ್ಟೆ ಸರಿಯಾಗೇ ಕೂರುತ್ತಿತ್ತು.” ಅಜ್ಜಿ ಹಳೆಯ ಟೇಪನ್ನು ಸುರುಳಿ ಸುತ್ತಿದಳು. “ಹೊಲಿಗೆಗೆ ನಡೆದ ಸುಳ್ಳು ಮಗುವಿಗೆ ನಡೀಲಿಲ್ಲ. ಅವಳನ್ನ ಬೀಳಿಸಿದ್ದು ನನ್ನ ಟೇಪು.”

“ನನ್ನ ಪಾತ್ರೆ ಅತ್ತೆ” ಎಂದಳು ಸೊಸೆ. ಅತ್ತೆಯ ಎದುರು ಅವಳು ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು.

ಮೂರು ದಿನ ಅಜ್ಜಿ ಯಂತ್ರ ಮುಟ್ಟಲಿಲ್ಲ. ಟೇಪಿಲ್ಲದ ಕೊರಳು ಅವಳಿಗೇ ಬೋಳುಬೋಳಾಗಿ ಕಂಡಿತು. ಇಷ್ಟು ವರ್ಷ ಬರೆದ ಅಂಕಿಗಳೆಲ್ಲ ಸುಳ್ಳೇ ಇರಬೇಕು ಎಂದು ಕೊರಗಿದಳು. ನಾಲ್ಕನೆಯ ದಿನ ಮಧ್ಯಾಹ್ನ ಏನೋ ನೆನಪಾಗಿ, ಮಂಚದ ಕೆಳಗಿನ ಟ್ರಂಕು ಎಳೆಸಿ, ತಳದಲ್ಲಿದ್ದ ಮೊದಲನೆಯ ಅಳತೆ ಪುಸ್ತಕ ತೆಗೆದಳು. ಅದು ಕಸುಬು ಕಲಿಸಿದ ಗುರುವಿನ ಟೇಪಿನಲ್ಲಿ ಅಳೆದು ಬರೆದದ್ದು. ಆ ಟೇಪು ಆಗ ಹೊಚ್ಚ ಹೊಸದು.

“ಬಾರೇ ಇಲ್ಲಿ” ಎಂದು ದೊಡ್ಡವಳನ್ನು ಕರೆದು, ಹೊಸ ಟೇಪಿನಿಂದ ಅಳೆಯತೊಡಗಿದಳು. ಸೊಂಟ ಮುಟ್ಟಲಿಲ್ಲ. ಭುಜ ಹದಿನಾರು ಮುಕ್ಕಾಲು. ತೋಳು ಇಪ್ಪತ್ಮೂರು ಕಾಲು. ಮಣಿಕಟ್ಟು ಆರೂವರೆ. ಬೆನ್ನು ಹದಿನೈದೂವರೆ. ಒಂದೊಂದನ್ನೂ ಜೋರಾಗಿ ಹೇಳಿ ಪುಸ್ತಕದಲ್ಲಿ ಬೆರಳಿಟ್ಟು ನೋಡುತ್ತಿದ್ದಳು. ಬರಬರುತ್ತ ಅವಳ ಧ್ವನಿ ಇಳಿಯಿತು.

“ಏನಜ್ಜಿ?”

“ಈ ಗುರುತು ನೋಡು.”

ಹಳದಿ ತಿರುಗಿದ ಪುಟದಲ್ಲಿ ಒಂದು ಚೀಲದ ಚಿತ್ರ. ಪಕ್ಕದಲ್ಲಿ ಅಂಕಿಗಳು. ಹದಿನಾರು ಮುಕ್ಕಾಲು. ಇಪ್ಪತ್ಮೂರು ಕಾಲು. ಆರೂವರೆ. ಹದಿನೈದೂವರೆ.

“ಯಾರಿದು?”

“ನನ್ನ ಅಕ್ಕ. ಅಂಚೆ ಹಂಚುತ್ತಿದ್ದಳಲ್ಲ, ಅವಳು. ಆಗ ಅವಳಿಗೆ ಹತ್ತೊಂಬತ್ತು.”

ಕಡ್ಡಿ ಬಂದು ಇಣುಕಿದಳು, ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. ಅಜ್ಜಿ ಟ್ರಂಕಿನಿಂದ ಇನ್ನೊಂದು ಗಂಟು ಬಿಚ್ಚಿದಳು. ಒಳಗೆ ದಪ್ಪ ನೀಲಿ ಬಟ್ಟೆಯ ಕೋಟು. ಅಕ್ಕ ಅಂಚೆ ಕೆಲಸಕ್ಕೆ ಸೇರಿದ ದಿನಕ್ಕೆಂದು, ಕಸುಬು ಕಲಿತ ಹೊಸತರಲ್ಲಿ, ಅಜ್ಜಿ ಹೊಲಿದದ್ದು. ಅಕ್ಕ ತೀರಿಕೊಂಡು ಎಂಟು ವರ್ಷವಾಗಿತ್ತು.

“ಹಾಕಿಕೋ.”

ದೊಡ್ಡವಳು ಕೋಟಿನೊಳಗೆ ತೋಳು ತೂರಿದಳು. ಭುಜ ಅಚ್ಚಿನಲ್ಲಿ ಹೊಯ್ದ ಹಾಗೆ ಕೂತಿತು. ತೋಳು ಮಣಿಕಟ್ಟಿನ ಮೂಳೆಯ ಮೇಲೇ ಬಂದು ನಿಂತಿತು. ಅಜ್ಜಿ ಅವಳ ಬೆನ್ನ ಹಿಂದೆ ಹೋಗಿ, ಬಲಭುಜದ ಹೊಲಿಗೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟಳು.

“ಅತ್ತೆ? ಏನಾಯ್ತು?”

“ಅಕ್ಕನ ಬಲಭುಜ ಹುಟ್ಟಿನಿಂದ ಅರ್ಧ ಬೆರಳು ತಗ್ಗು. ಯಾರಿಗೂ ಕಾಣ್ತಿರಲಿಲ್ಲ, ನನಗೆ ಮಾತ್ರ ಗೊತ್ತಿತ್ತು. ಚೀಲ ಹೊರೋಕೆ ಮುಂಚಿನ ಮಾತು ಇದು. ಅದಕ್ಕೇ ಈ ಕಡೆ ಅರ್ಧ ಬೆರಳು ಇಳಿಸಿ ಕತ್ತರಿಸಿದ್ದೆ.” ಅಜ್ಜಿ ಹುಡುಗಿಯ ಬೆನ್ನು ಸವರಿದಳು. “ನೋಡು, ಒಂದು ಸುಕ್ಕಿಲ್ಲ. ಇವಳದೂ ಅಷ್ಟೇ ತಗ್ಗು. ಅಕ್ಕ ಕಣ್ಣುಮುಚ್ಚಿ ಇಷ್ಟು ವರ್ಷ ಆದ ಮೇಲೆ ಅವಳ ಬೆನ್ನು ನನ್ನ ಕೈಗೆ ಸಿಗ್ತಾ ಇದೆಯಲ್ಲೇ!”

ಸೊಸೆಯೂ ಮುಂದೆ ಬಂದು ಆ ಭುಜವನ್ನು ಮುಟ್ಟಿ ನೋಡಿದಳು. ತಾನೇ ಹೆತ್ತ ಮಗಳ ಭುಜವನ್ನು ಮೊದಲ ಸಲ ನೋಡುವವಳ ಹಾಗೆ.

“ಗುಂಡಿ ಮಾತ್ರ ಹಾಕೋಕಾಗಲ್ಲ” ಎಂದಳು ದೊಡ್ಡವಳು. ಕೋಟಿನ ಎರಡು ಅಂಚುಗಳ ನಡುವೆ ಮೂರು ಬೆರಳು ಅಂತರ.

“ನಿನ್ನ ಅಕ್ಕನಿಗೆ ಎಷ್ಟಿತ್ತು ಅಜ್ಜಿ, ಸೊಂಟ?” ಕಡ್ಡಿ ಕೇಳಿದಳು.

ಅಜ್ಜಿ ಟ್ರಂಕಿನಲ್ಲಿದ್ದ ಉಳಿದ ಪುಸ್ತಕಗಳನ್ನೂ ತೆಗೆದು ಪುಟ ತಿರುಗಿಸಿದಳು. ಪ್ರತಿ ವರ್ಷ ಅಕ್ಕನಿಗೆ ಒಂದು ಹೊಸ ಬಟ್ಟೆ ಹೊಲಿದಿದ್ದಳು, ಪ್ರತಿ ವರ್ಷದ ವಯಸ್ಸೂ ಅಳತೆಯೂ ಅಲ್ಲಿತ್ತು. ಚೀಲದ ಪಕ್ಕದಲ್ಲೇ ಸೂಜಿಯ ಗುರುತು, ಅದು ಅಜ್ಜಿಯದೇ. ಒಂದೂವರೆ ವರ್ಷದ ಅಂತರದ ಅಕ್ಕ ತಂಗಿ. ಕಡ್ಡಿ ಓದುತ್ತ ಹೋದಳು. ಹತ್ತೊಂಬತ್ತರಲ್ಲಿ ಅಕ್ಕನಿಗೆ ಮೂವತ್ಮೂರೂವರೆ, ತಂಗಿಗೂ ಮೂವತ್ಮೂರೂವರೆ. ಇಪ್ಪತ್ತೈದರಲ್ಲಿ ಅಕ್ಕನಿಗೆ ಮೂವತ್ನಾಲ್ಕು, ತಂಗಿಗೆ ಮೂವತ್ತೇಳು. ನಲವತ್ತರಲ್ಲಿ ಅಕ್ಕ ಮೂವತ್ನಾಲ್ಕೂವರೆ, ತಂಗಿ ನಲವತ್ಮೂರು.

“ಟೇಪಿನ ಸುಳ್ಳು ಸೇರಿಸಿದರೆ ನನ್ನದು ಇನ್ನೂ ಜಾಸ್ತಿಯೇ” ಎಂದಳು ಅಜ್ಜಿ.

“ಒಂದೇ ತಾಯಿ, ಒಂದೇ ಒಲೆ. ಅವರು ಹಾಗೆ, ನೀವು ಹೀಗೆ?” ಸೊಸೆಗೆ ನಂಬಲಾಗಲಿಲ್ಲ.

“ಅವಳು ಬೆಳಗಾದ್ರೆ ಚೀಲ ಹೊತ್ತು ಗುಡ್ಡದ ಬೀದಿಗಳನ್ನ ಹತ್ತಿ ಇಳೀತಿದ್ದಳು, ಮಧ್ಯಾಹ್ನದವರೆಗೆ. ನಾನು ಈ ಸ್ಟೂಲಿನ ಮೇಲೆ ಕೂತೆ. ಯಂತ್ರಕ್ಕೆ ಮೋಟಾರು ಇಲ್ಲದ ಕಾಲದಲ್ಲಿ ನನ್ನ ಕಾಲು ಪೆಡಲು ಆದ್ರೂ ತುಳೀತಿತ್ತು. ಮೋಟಾರು ಬಂತು, ಅದೂ ಹೋಯ್ತು. ಊಟ ಮಾತ್ರ ಇಬ್ಬರದೂ ಅಷ್ಟೇ. ಒಂದು ತುತ್ತೂ ಹೆಚ್ಚು ಕಮ್ಮಿ ಇಲ್ಲ.”

ಕಡ್ಡಿ ಇನ್ನೊಂದು ಪುಟ ಮಗುಚಿದಳು. “ಅಜ್ಜಿ, ನಲವತ್ತೆಂಟರಲ್ಲಿ ದೊಡ್ಡಜ್ಜಿಗೆ ನಲವತ್ತೊಂದು ಅಂತ ಇದೆ!”

“ಮಂಡಿ ಹೋಯ್ತಲ್ಲ, ಅಂಚೆ ಕಚೇರಿಯಲ್ಲೇ ಕೂರಿಸಿದರು. ಮುದ್ರೆ ಒತ್ತೋ ಕೆಲಸ. ಎರಡೇ ವರ್ಷ. ನನ್ನ ಹಾಗೇ ಆದಳು. ‘ನಿನ್ನ ಸ್ಟೂಲು ನನಗೂ ಬಂತಲ್ಲೇ’ ಅಂದಿದ್ದಳು.”

ಸೊಸೆ ಮೆಲ್ಲಗೆ ಕೇಳಿದಳು: “ನನ್ನ ಅಮ್ಮನದು ಇದೆಯಾ ಅತ್ತೆ ಇದರಲ್ಲಿ?”

ಇತ್ತು. ಕೊಡೆಯ ಗುರುತು. ಮೂರು ಸಲ ಬಂದಾಗ ಮೂರು ಅಂಗಿ ಹೊಲಿಸಿದ್ದಳು. ಇಪ್ಪತ್ತಾರು, ಇಪ್ಪತ್ತಾರು, ಇಪ್ಪತ್ತಾರೂಕಾಲು. ಪಕ್ಕದ ಪುಸ್ತಕದಲ್ಲಿ ಶೀಶೆಯ ಗುರುತು, ಇಪ್ಪತ್ತು ವರ್ಷದಿಂದ ಇಪ್ಪತ್ತೇಳು. ಅದರ ಕೆಳಗೆ ಉದ್ದ ಗೆರೆ, ಇಪ್ಪತ್ನಾಲ್ಕು.

ಸೊಸೆ ಬಹಳ ಹೊತ್ತು ಆ ಅಂಕಿಗಳನ್ನು ನೋಡಿದಳು. “ನನ್ನ ಅಮ್ಮ ಕೂತ ಜಾಗ ಬಿಟ್ಟು ಏಳ್ತಿರಲಿಲ್ಲ. ಸಕ್ಕರೆ ಡಬ್ಬ ಪಕ್ಕದಲ್ಲೇ ಇರಬೇಕಿತ್ತು” ಎಂದಳು. “ಹಾಗಾದ್ರೆ ನಾನು ಬಾಯಿ ಕಟ್ಟಿ ತೆಳ್ಳಗೆ ಇಲ್ಲ, ಅಲ್ವಾ?”

“ನೀನು ಯಾವತ್ತಮ್ಮಾ ಬಾಯಿ ಕಟ್ಟಿದ್ದೆ?” ಅಜ್ಜಿ ನಕ್ಕಳು. ಕುಹಕದ ನಗು ಅಲ್ಲ. “ನಿನಗೆ ಕಟ್ಟೋ ಕೆಲಸವೇ ಬರಲಿಲ್ಲ.”

ಸೊಸೆ ಮಗಳ ಕೈ ಹಿಡಿದಳು. “ಬಾಯಿ ಕಟ್ಟೋದು ದೊಡ್ಡ ವಿದ್ಯೆಯಾ ಅಂತ ದಿನಾ ಅಂದೆನಲ್ಲೇ ನಿನಗೆ. ಕಲಿಯದ ವಿದ್ಯೆಗೆ ಮೇಷ್ಟ್ರಾಗಿದ್ದೆ.”

ವಾರದ ಕೊನೆಗೆ ಎಲ್ಲರೂ ಮತ್ತೆ ಡಾಕ್ಟರಮ್ಮನ ಹತ್ತಿರ ಹೋದಾಗ ಅಜ್ಜಿ ಪುಸ್ತಕಗಳನ್ನೂ ಚೀಲದಲ್ಲಿ ಹಾಕಿಕೊಂಡಿದ್ದಳು. ಯಾರ ಮೈ ಎಂಬ ಮನೆಯ ಜಗಳವನ್ನು ಕಡ್ಡಿ ಹೇಳುತ್ತಿದ್ದಂತೆ ಡಾಕ್ಟರಮ್ಮ ಕನ್ನಡಕ ಏರಿಸಿ ಪುಟ ಪುಟ ತಿರುಗಿಸಿದಳು. ಹೊರಗೆ ಕಾದಿದ್ದವರು ಗೊಣಗತೊಡಗಿದರೂ ಬಿಡಲಿಲ್ಲ.

“ಐವತ್ತು ವರ್ಷ ಒಂದೇ ಕುಟುಂಬವನ್ನ ಹೀಗೆ ಅಳೆದಿಟ್ಟವರನ್ನ ನಾನು ನೋಡಿಲ್ಲ ಅಜ್ಜಿ” ಎಂದಳು ಕೊನೆಗೆ. “ಜಗಳಕ್ಕೆ ಉತ್ತರ ಇದರಲ್ಲೇ ಇದೆಯಲ್ಲ. ರಕ್ತ ಅನ್ನೋದು ಇಳಿಜಾರು ಇದ್ದ ಹಾಗೆ. ಇಳಿಜಾರಲ್ಲಿ ಹುಟ್ಟಿದವರು ಸುಮ್ಮನೆ ನಿಂತರೂ ಜಾರ್ತಾರೆ. ಅವರಿಗೆ ಹಸಿವು ಬೇಗ ಏಳುತ್ತೆ, ತಡವಾಗಿ ಮಲಗುತ್ತೆ. ಅದು ಅವರ ತಪ್ಪಲ್ಲ. ಆದ್ರೆ ದಿನಾ ಸ್ವಲ್ಪ ಸ್ವಲ್ಪ ಹತ್ತುತ್ತಾ ಇದ್ರೆ ನಿಂತಲ್ಲಿ ನಿಲ್ಲಬಹುದು, ನಿಮ್ಮ ಅಕ್ಕ ನಿಂತ ಹಾಗೆ. ಸಮತಟ್ಟಲ್ಲಿ ಹುಟ್ಟಿದವರಿಗೆ ಇದು ಅರ್ಥ ಆಗೋದು ಕಷ್ಟ.” ಸೊಸೆ ತಲೆ ತಗ್ಗಿಸಿದಳು. ಡಾಕ್ಟರಮ್ಮ ಹುಡುಗಿಯ ಕಡೆ ತಿರುಗಿದಳು. “ಉಪವಾಸ ಬಿದ್ರೆ ಮೈ ಹೆದರುತ್ತೆ, ಮೊದಲು ಶಕ್ತಿ ಕರಗಿಸುತ್ತೆ. ಮೂರು ಹೊತ್ತು ತಿನ್ನು. ತಿಂದು ಹತ್ತು. ಮೂವತ್ನಾಲ್ಕು ಬರದಿದ್ರೂ ಬದುಕೋಕೆ ಬೇಕು ಇದು.”

“ಬರುತ್ತೆ ಡಾಕ್ಟರೇ” ಎಂದಳು ಹುಡುಗಿ.

ಅಡುಗೆಮನೆಯ ಚಿಕ್ಕ ಪಾತ್ರೆ ಅಟ್ಟ ಸೇರಿತು. ಎಲ್ಲರಿಗೂ ಒಂದೇ ಅಡುಗೆ: ತರಕಾರಿ ಜಾಸ್ತಿ, ಕಾಳು ಜಾಸ್ತಿ, ಎಣ್ಣೆ ಕಮ್ಮಿ. ಕರಿದ ಆಲೂಗಡ್ಡೆಯ ಬುಟ್ಟಿ ಭಾನುವಾರಕ್ಕೆ ಮಾತ್ರ. ಮೊದಲ ವಾರ ಮಗ ತಟ್ಟೆ ನೋಡಿ, “ಇದೇನು, ದನದ ಕೊಟ್ಟಿಗೆಗೆ ಬಂದುಬಿಟ್ನಾ?” ಎಂದ. “ತಿನ್ನಿ, ಹಾಲು ಕೊಡಬೇಕಾಗಿಲ್ಲ” ಎಂದಳು ಹೆಂಡತಿ. ಅವನು ಡಿಪೋದಿಂದ ಮನೆಗೆ ಷೇರ್ ಆಟೋ ಬಿಟ್ಟು ನಡೆದು ಬರತೊಡಗಿದ. ಒಂದು ತಿಂಗಳಾದರೂ ಬೆಲ್ಟು ಒಂದೇ ತೂತು ಒಳಗೆ ಹೋಯಿತು. “ಇಷ್ಟಕ್ಕೆ ಇಷ್ಟೇನಾ?” ಎಂದು ಗೊಣಗಿದ. “ಜಾರ್ತಿದ್ದೋನು ನಿಂತಿದ್ದೀಯಲ್ಲ, ಅದೇ ದೊಡ್ಡದು” ಎಂದಳು ಅಜ್ಜಿ. ಆದರೆ ಮೆಟ್ಟಿಲಲ್ಲಿ ಈಗ ಅವನಿಗೆ ಏದುಸಿರು ಬರುತ್ತಿರಲಿಲ್ಲ.

ಅಜ್ಜಿಯೂ ಸ್ಟೂಲಿನಿಂದ ಎದ್ದಳು. ಗಂಟೆಗೊಮ್ಮೆ ಮೊದಲನೆಯ ಮಹಡಿಯವರೆಗೆ ಹತ್ತಿ ಇಳಿಯುವಳು. ಕೆಳಗಿಳಿದು ಬಂದಾಗಲೆಲ್ಲ, “ಅಕ್ಕಾ, ಇವತ್ತಿನ ಟಪಾಲು ಮುಗೀತು” ಎನ್ನುವಳು.

ದೊಡ್ಡವಳು ತಿಂದಳು, ಹತ್ತಿದಳು. ಮೂರೂವರೆ ನಿಮಿಷ, ಮೂರುಕಾಲು, ಮೂರು. ಕಡ್ಡಿಗೆ ಡಾಕ್ಟರಮ್ಮ ರಕ್ತ ಕಮ್ಮಿ ಎಂದು ಕೆಂಪು ಮಾತ್ರೆ ಕೊಟ್ಟಿದ್ದಳು. ಅವಳೂ ಬರಿಗೈಯಲ್ಲಿ ಐದನೆಯ ಮಹಡಿ ಮುಟ್ಟಿದಳು. ಹೊಸ ಟೇಪು ಮಾತ್ರ ನಿಧಾನ. ಒಂದು ವಾರ ಕಾಲಿಂಚು, ಒಂದು ವಾರ ಏನೂ ಇಲ್ಲ. ಪರೀಕ್ಷೆಯ ಹಿಂದಿನ ಭಾನುವಾರ ಮೂವತ್ನಾಲ್ಕು, ಒಂದು ದಾರದ ಎಳೆ ಮೇಲೆ.

“ನಾಲ್ಕು ದಿನ ಇದೆ. ನೀರು ಬಿಟ್ರೆ ಇಳಿಯುತ್ತೆ ಅಜ್ಜಿ.”

“ಸೊಂಟ ಇಳಿಯಲ್ಲ, ನೀನು ಬೀಳ್ತೀಯ. ಊಟಕ್ಕೆ ಏಳು.”

ಪರೀಕ್ಷೆಯ ದಿನ ಅಗ್ನಿಶಾಮಕ ಠಾಣೆಯ ಅಂಗಳಕ್ಕೆ ಅಜ್ಜಿಯೂ ಹೋದಳು. ಕೆಂಪು ಗಾಡಿಗಳು, ತೊಳೆದ ಸಿಮೆಂಟು ನೆಲ, ಆರು ಮಹಡಿಯ ಕಬ್ಬಿಣದ ಗೋಪುರ. ನಲವತ್ತು ಹುಡುಗಿಯರಲ್ಲಿ ದೊಡ್ಡವಳ ಹೆಗಲೇ ಅಗಲ. ಸೀಟಿ ಊದಿದರು. ಅವಳು ಪೈಪನ್ನು ಬಲಭುಜಕ್ಕೆ ಹಾಕಿಕೊಂಡಳು. ಅದು ಜಾರಲೇ ಇಲ್ಲ, ಆ ಭುಜ ಅದಕ್ಕೆಂದೇ ತಗ್ಗಿದ್ದ ಹಾಗೆ ಕೂತಿತು. ಅಜ್ಜಿ ತಲೆ ಎತ್ತಿ ನೋಡುತ್ತಲೇ ಇದ್ದಳು. ಗುಡ್ಡದ ಬೀದಿಯಲ್ಲಿ ಚೀಲ ಹೊತ್ತು ಹತ್ತುತ್ತಿದ್ದವಳ ನಡಿಗೆಯೇ, ಅದೇ ಕಾಲು ಊರುವ ರೀತಿಯೇ, ಆಕಾಶದ ಕಡೆಗೆ ಹೋಗುತ್ತಿತ್ತು. ಅವಳ ಕಣ್ಣು ಮಂಜಾಯಿತು.

ಎರಡು ನಿಮಿಷ ನಲವತ್ನಾಲ್ಕು ಸೆಕೆಂಡು. ನಲವತ್ತು ಜನರಲ್ಲಿ ಮೂರನೆಯವಳು.

ಆಮೇಲೆ ಪರದೆಯ ಹಿಂದೆ ಅಳತೆ. ಅಜ್ಜಿ ಪರದೆಯ ಅಂಚಿನಲ್ಲಿ ನಿಂತಿದ್ದಳು.

“ಉಸಿರು ಹಿಡೀಬೇಡ” ಎಂದಳು ಮೊಮ್ಮಗಳಿಗೆ. “ಬಿಡು. ನಮಗೆ ಕಳ್ಳ ಅಳತೆ ಬೇಡ.”

ಅಳೆಯುತ್ತಿದ್ದ ಅಧಿಕಾರಿಣಿ ಓದಿದಳು: “ಮೂವತ್ನಾಲ್ಕೂವರೆ.” ಪಟ್ಟಿಯಲ್ಲಿ ಬರೆಯಲು ಪೆನ್ನು ಎತ್ತಿದಳು.

ಹುಡುಗಿ ಹಿಂದೆ ಸರಿದಳು. ತನ್ನ ಅಂಗಿ ಸರಿಮಾಡಿಕೊಂಡಳು. ಅಜ್ಜಿ ಮಾತ್ರ ಟೇಪನ್ನೇ ನೋಡುತ್ತಿದ್ದಳು.

“ತಾಯಿ, ಆ ಟೇಪಿನ ಮೂಗೆಲ್ಲಿ?”

“ಏನಜ್ಜಿ? ನೀವು ಆಚೆ ಇರಿ.”

“ಟೇಪಿನ ತುದಿಗೆ ತಗಡಿನ ಮೂಗು ಇರಬೇಕಲ್ಲ. ಇದಕ್ಕೆ ಇಲ್ಲ. ಯಾವ ಅಂಕಿಯಿಂದ ಶುರುವಾಗುತ್ತೆ, ಸ್ವಲ್ಪ ನೋಡಿ.”

“ಕೆಲಸ ಕೆಡಿಸಬೇಡಿ ಅಜ್ಜಿ, ಇನ್ನೂ ಇಪ್ಪತ್ತು ಜನ ಇದ್ದಾರೆ.”

“ಒಂದು ಟೇಪು ನಂಬಿ ನಾನು ಒಮ್ಮೆ ಈ ಮಗುವನ್ನ ಬೀಳಿಸಿದ್ದೀನಿ. ಇನ್ನೊಂದ್ಸಲ ಸುಮ್ಮನೆ ಇರಲ್ಲ.” ಅಜ್ಜಿ ಚೀಲದಿಂದ ತನ್ನ ಹೊಸ ಟೇಪು ತೆಗೆದು ಮೇಜಿನ ಮೇಲೆ ಹಾಸಿದಳು. “ನನ್ನದನ್ನೂ ನಂಬಬೇಡಿ. ನಿಮ್ಮ ಉಗ್ರಾಣದಲ್ಲಿ ಕಬ್ಬಿಣದ ಅಳತೆಪಟ್ಟಿ ಇರುತ್ತಲ್ಲ, ಅದನ್ನ ತರಿಸಿ. ಮೂರನ್ನೂ ಪಕ್ಕಪಕ್ಕ ಇಡಿ.”

ಆ ಮುದುಕಿಯ ಧ್ವನಿಯಲ್ಲಿ ಕೂಗಾಟವಿರಲಿಲ್ಲ. ಅದಕ್ಕೇ ಇರಬೇಕು, ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. ಕಬ್ಬಿಣದ ಪಟ್ಟಿ ಬಂತು. ಮೂರನ್ನೂ ಹಾಸಿದರು. ಅಜ್ಜಿಯ ಟೇಪೂ ಕಬ್ಬಿಣವೂ ಒಂದೇ. ಠಾಣೆಯ ಟೇಪಿನ ತಗಡು ಯಾವಾಗಲೋ ಕಳಚಿ, ಮೊದಲ ಅರ್ಧ ಇಂಚು ಹರಿದುಹೋಗಿತ್ತು. ಅಳೆದ ಪ್ರತಿ ಸೊಂಟಕ್ಕೂ ಅರ್ಧ ಇಂಚು ಸುಮ್ಮನೆ ಸೇರುತ್ತಿತ್ತು.

ಅಧಿಕಾರಿಣಿ ಅಜ್ಜಿಯ ಟೇಪು ಎತ್ತಿಕೊಂಡು ಮತ್ತೆ ಸುತ್ತಿದಳು. “ಮೂವತ್ನಾಲ್ಕು” ಎಂದಳು. ಅದೇ ಟೇಪಿನ ಅಳತೆಯಲ್ಲಿ ನಪಾಸಾಗಿ ಗೇಟಿನ ಹತ್ತಿರ ಹೋಗಿದ್ದ ಇನ್ನಿಬ್ಬರು ಹುಡುಗಿಯರನ್ನು ಓಡಿಹೋಗಿ ವಾಪಸು ಕರೆತಂದರು.

ತರಬೇತಿಗೆ ಕರೆ ಬಂದಾಗ ಮೊದಲ ಚಳಿ ಇಳಿದಿತ್ತು. ಹೊರಡುವ ಹಿಂದಿನ ಸಂಜೆ ದೊಡ್ಡವಳು ನೀಲಿ ಕೋಟು ಹಾಕಿಕೊಂಡು ನಿಂತಳು. ಮೂರು ಬೆರಳಿದ್ದ ಅಂತರ ಒಂದು ಬೆರಳಿಗೆ ಬಂದಿತ್ತು.

“ಆ ಒಂದು ಬೆರಳೂ ತರಬೇತಿಯಲ್ಲಿ ಇಳಿದುಬಿಡುತ್ತೆ ಬಿಡು” ಎಂದ ಅಪ್ಪ.

“ಇಳಿಯಬೇಕಾಗಿಲ್ಲ” ಎಂದಳು ಅಜ್ಜಿ. “ಕೊಡು ಇಲ್ಲಿ.”

ಪಕ್ಕದ ಹೊಲಿಗೆ ಬಿಚ್ಚಿದಳು. ‘ಮೈ ಬೆಳೆಯುತ್ತೆ, ಬಟ್ಟೆ ಬೆಳೆಯಲ್ಲ, ಒಳಗೆ ಬಿಟ್ಟು ಹೊಲಿ’ ಎಂದು ಗುರು ಕಲಿಸಿದ ಹಾಗೆ ಅವಳು ಅಂದು ಒಳಗೆ ಮಡಿಸಿಟ್ಟಿದ್ದ ಬಟ್ಟೆ ಹೊರಗೆ ಬಂತು. ಬಿಸಿಲೇ ಕಾಣದ್ದು, ಗಾಢ ನೀಲಿ, ನಿನ್ನೆ ನೇಯ್ದ ಹಾಗೆ. ಮನೆಮಂದಿಯೆಲ್ಲ ಬಗ್ಗಿ ಆ ಬಣ್ಣ ನೋಡಿದರು. ಎರಡು ಬೆರಳು ಹುಡುಗಿ ಇಳಿದಿದ್ದಳು, ಒಂದು ಬೆರಳು ಅಕ್ಕನ ಕೋಟು ಬಿಟ್ಟುಕೊಟ್ಟಿತು. ಆರೂ ಗುಂಡಿ ಕೂತವು.

ಬೆಳಿಗ್ಗೆ ಅಮ್ಮ ಬ್ರೆಡ್ಡು, ಎರಡು ಮೊಟ್ಟೆ, ಬಾಳೆಹಣ್ಣು ಕಟ್ಟಿಕೊಟ್ಟಳು. “ಎರಡೂ ಮೊಟ್ಟೆ ನಿನಗೇ. ಯಾರಿಗೂ ಕೊಡಬೇಡ” ಎಂದಳು. ಅಪ್ಪ ತನ್ನ ಬಸ್ಸಿನಲ್ಲೇ ಕರೆದೊಯ್ಯಲು ಹೊರಗೆ ಕಾದಿದ್ದ. ಕಡ್ಡಿ ಅಕ್ಕನ ಚೀಲ ಹೊತ್ತು ಮುಂದೆ ನಡೆದಳು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಜ್ಜಿ ಒಳಗೆ ಬಂದು ಹೊಸ ಅಳತೆ ಪುಸ್ತಕದ ಮೊದಲ ಪುಟ ತೆರೆದಳು. ಭುಜ, ತೋಳು, ಮಣಿಕಟ್ಟು, ಬೆನ್ನು, ಸೊಂಟ, ಎಲ್ಲ ಬರೆದಳು. ಎದುರಿಗೆ ಸೊನ್ನೆ ಹಾಕಲಿಲ್ಲ. ಎರಡು ಉದ್ದ ಗೆರೆ ಎಳೆದು, ನಡುವೆ ಆರು ಅಡ್ಡಗೆರೆ ಎಳೆದಳು. ಏಣಿಯಾಯಿತು.

ದೊಡ್ಡ ಮೊಮ್ಮಗಳು ಹೊರಟದ್ದು ಬುಧವಾರ, ಬೆಳಿಗ್ಗೆ ಏಳೂವರೆಗೆ.